ನಾಯಕತ್ವದ ಪಾಠಕ್ಕೆ ನಮ್ಮ ಬಾಗಿಲೂ ತೆರೆಯಲಿ

ವಾಣಿಜ್ಯ ಬಂಧುಗಳು ನೆನಪಿನಲ್ಲಿಡಬೇಕಾದ ಇಸವಿಗಳಲ್ಲಿ 1916 ಒಂದು. ಆ ವರ್ಷದ ಜುಲೈ 27ರಂದು ಮೈಸೂರು ವಿಶ್ವವಿದ್ಯಾನಿಲಯ ಅಸ್ತಿತ್ವಕ್ಕೆ ಬಂದಿತು. ಇಂದಿನ ಕರ್ನಾಟಕ ವಾಣಿಜ್ಯ ಮತ್ತು ಕೈಗಾರಿಕಾ ಮಹಾಸಂಸ್ಥೆಯ ಮೂಲರೂಪವಾದ ಮೈಸೂರು ವಾಣಿಜ್ಯ ಮಂಡಳಿ ಸ್ಥಾಪನೆಯಾದುದೂ ಅದೇ ವರ್ಷ. ಎರಡರ ಹಿಂದೆಯೂ ಇದ್ದವರು ಅಂದಿನ ದಿವಾನರಾದ ಸರ್ ಎಂ. ವಿಶ್ವೇಶ್ವರಯ್ಯನವರು. ಇದಕ್ಕೆ ಐದು ವರ್ಷ ಮೊದಲು, 1911ರಲ್ಲಿ ಆರಂಭವಾಗಿದ್ದ ಮೈಸೂರು ಆರ್ಥಿಕ ಸಮ್ಮೇಳನದಲ್ಲಿ ಶಿಕ್ಷಣಕ್ಕೊಂದು, ಕೃಷಿಗೊಂದು, ಕೈಗಾರಿಕೆ ಮತ್ತು ವಾಣಿಜ್ಯಕ್ಕೊಂದು ಎಂದು ಮೂರು ಸಮಿತಿಗಳಿದ್ದವು. ವಿದ್ಯೆ, ಬೇಸಾಯ, ವ್ಯಾಪಾರ ಈ ಮೂರೂ ಒಂದೇ ಛಾವಣಿಯ ಕೆಳಗೆ ಕುಳಿತು ಚರ್ಚಿಸಬೇಕಾದ ವಿಷಯಗಳೆಂಬುದು ಅಂದಿನವರ ತಿಳಿವಳಿಕೆಯಾಗಿತ್ತು.

ನೂರು ವರ್ಷಗಳು ಕಳೆದಿವೆ. ವಿಶ್ವವಿದ್ಯಾನಿಲಯಗಳು ಹತ್ತಾರಾಗಿವೆ, ವಾಣಿಜ್ಯ ಸಂಸ್ಥೆಗಳು ಜಿಲ್ಲೆ ಜಿಲ್ಲೆಗಳಲ್ಲಿ ಬೆಳೆದಿವೆ. ಆದರೆ ಇವೆರಡರ ನಡುವಣ ಒಡನಾಟವೆಂದರೆ ಇಂದು ಘಟಿಕೋತ್ಸವದ ಆಹ್ವಾನಪತ್ರಿಕೆ, ವಿಚಾರ ಸಂಕಿರಣದ ಉದ್ಘಾಟನೆ, ವರ್ಷಾಂತ್ಯದಲ್ಲಿ ಕಾಲೇಜಿನ ಸ್ಮರಣ ಸಂಚಿಕೆಗೆ ನೀಡುವ ಒಂದು ಪುಟದ ಜಾಹೀರಾತು, ಇಷ್ಟೇ ಎನ್ನುವಂತಾಗಿದೆ. ಈ ನಡುವೆ ವಿಶ್ವವಿದ್ಯಾನಿಲಯಗಳಲ್ಲಿ ಒಂದು ಹೊಸ ಮಾತು ಬಲವಾಗಿ ಕೇಳಿಬರುತ್ತಿದೆ. ವಿದ್ಯಾರ್ಥಿಗಳಿಗೆ ಕೇವಲ ವಿಷಯಜ್ಞಾನವನ್ನು ಕೊಟ್ಟರೆ ಸಾಲದು, ಸುಸ್ಥಿರತೆಗಾಗಿ ಮತ್ತು ಸಾಮಾಜಿಕ ಪರಿವರ್ತನೆಗಾಗಿ ನಾಯಕತ್ವವನ್ನೂ ಕಲಿಸಬೇಕು ಎಂಬುದೇ ಆ ಮಾತು. ವಿಶ್ವಸಂಸ್ಥೆಯು 2005ರಿಂದ 2014ರವರೆಗಿನ ಅವಧಿಯನ್ನು ಸುಸ್ಥಿರ ಅಭಿವೃದ್ಧಿಗಾಗಿ ಶಿಕ್ಷಣದ ದಶಕವೆಂದು ಆಚರಿಸಿತು. 2007ರಲ್ಲಿ ವ್ಯವಹಾರ ನಿರ್ವಹಣಾ ಶಾಲೆಗಳಿಗಾಗಿ ಹೊಣೆಯರಿತ ಶಿಕ್ಷಣದ ತತ್ತ್ವಗಳನ್ನು ಪ್ರಕಟಿಸಿತು. 2015ರಲ್ಲಿ ಹದಿನೇಳು ಸುಸ್ಥಿರ ಅಭಿವೃದ್ಧಿ ಗುರಿಗಳನ್ನು ಅಂಗೀಕರಿಸಿ, 2030ರ ಗಡುವನ್ನು ಇರಿಸಿತು. ಇವೆಲ್ಲ ಸ್ವಾಗತಾರ್ಹವೇ. ಆದರೆ ಈ ನಾಯಕತ್ವವನ್ನು ಎಲ್ಲಿ ಕಲಿಸಬೇಕು, ಯಾರು ಕಲಿಸಬೇಕು ಎಂಬ ಪ್ರಶ್ನೆಗೆ ಉತ್ತರ ಹುಡುಕುವಾಗ ನಮ್ಮನ್ನು, ಅಂದರೆ ವರ್ತಕರನ್ನೂ ಸಣ್ಣ ಕೈಗಾರಿಕೋದ್ಯಮಿಗಳನ್ನೂ ಯಾರೂ ಕೇಳಿದಂತಿಲ್ಲ. ನಾವೂ ಹೇಳಲು ಮುಂದಾಗಿಲ್ಲ.

ಈ ಪಾಠದ ಅರ್ಧಭಾಗ ನಡೆಯಬೇಕಾದದ್ದು ನಮ್ಮ ಕಾರ್ಖಾನೆಯಲ್ಲಿ, ಮಂಡಿಯಲ್ಲಿ, ಅಂಗಡಿಯಲ್ಲಿ. ಆ ಅರ್ಧದ ಹೊಣೆಯನ್ನು ನಾವು ವಹಿಸಿಕೊಳ್ಳದೆ ವಿಶ್ವವಿದ್ಯಾನಿಲಯವನ್ನು ಮಾತ್ರ ದೂರುವುದು ನ್ಯಾಯವಲ್ಲ ಎಂಬುದು ಈ ಲೇಖನದ ನಿಲುವು.

ಪಠ್ಯದಲ್ಲಿ ನಾವು ಎಲ್ಲಿದ್ದೇವೆ?

ಎಂ.ಸಿ. ಮೆಹ್ತಾ ಅವರು ಹೂಡಿದ ದಾವೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 1991ರ ನವೆಂಬರ್ 22ರಂದು ಪರಿಸರ ಶಿಕ್ಷಣದ ಬಗ್ಗೆ ಮಹತ್ತ್ವದ ಆದೇಶವನ್ನು ನೀಡಿತು. ಅದರ ಅನುಷ್ಠಾನ ನಿಧಾನವಾದಾಗ 2003ರಲ್ಲಿ ಮತ್ತೆ ಎಚ್ಚರಿಸಿತು. ಇದರ ಫಲವಾಗಿ ವಿಶ್ವವಿದ್ಯಾನಿಲಯ ಅನುದಾನ ಆಯೋಗವು ಎಲ್ಲ ಪದವಿ ತರಗತಿಗಳಿಗೂ ಆರು ತಿಂಗಳ ಪರಿಸರ ಅಧ್ಯಯನ ಪಠ್ಯವನ್ನು ರೂಪಿಸಿತು. ಐವತ್ತು ಉಪನ್ಯಾಸಗಳ ಆ ಪಠ್ಯದಲ್ಲಿ ಕ್ಷೇತ್ರಕಾರ್ಯಕ್ಕೆ ಮೀಸಲಾದದ್ದು ಐದು ಉಪನ್ಯಾಸಗಳಷ್ಟು ಕಾಲ. ಆ ಕ್ಷೇತ್ರಕಾರ್ಯದ ಪಟ್ಟಿಯಲ್ಲಿ ಕೈಗಾರಿಕೆಯ ಹೆಸರು ಇದೆ. ಹೇಗೆಂದರೆ, ವಿದ್ಯಾರ್ಥಿಗಳು ಭೇಟಿ ನೀಡಿ ನೋಡಬೇಕಾದ ಮಲಿನಗೊಂಡ ಸ್ಥಳಗಳಲ್ಲಿ ಒಂದಾಗಿ.

ಇದನ್ನು ಓದಿದಾಗ ಉದ್ಯಮಿಯಾದವನಿಗೆ ಮೊದಲು ಸಿಟ್ಟು ಬರುವುದು ಸಹಜ. ಬೆಳ್ಳಂದೂರು ಕೆರೆಯ ನೊರೆಯನ್ನೂ ಬೆಂಕಿಯನ್ನೂ ಕಂಡವರಾದ ನಾವು, ಪಠ್ಯವನ್ನು ಬರೆದವರು ಸುಳ್ಳು ಹೇಳಿದರೆಂದು ವಾದಿಸಲಾರೆವು. ಆದರೆ ಮಲಿನ ಸ್ಥಳವನ್ನು ನೋಡಿ ಬಂದ ವಿದ್ಯಾರ್ಥಿಯು ಕಲಿಯುವುದೇನು? ಅಲ್ಲಿ ತಪ್ಪು ನಡೆಯುತ್ತಿದೆ ಎಂಬುದನ್ನು. ಆ ತಪ್ಪನ್ನು ಸರಿಪಡಿಸಲು ಎಷ್ಟು ಖರ್ಚಾಗುತ್ತದೆ, ಆ ಖರ್ಚನ್ನು ಯಾರು ಹೊರಬೇಕು, ಮಾಲೀಕನ ಕೈಯಲ್ಲಿ ಇರುವುದೇನು, ಇಲ್ಲದಿರುವುದೇನು, ಕೆಲಸಗಾರನ ಅಭ್ಯಾಸವನ್ನು ಬದಲಾಯಿಸುವ ಬಗೆ ಹೇಗೆ ಎಂಬುದನ್ನು ಅವನು ಕಲಿಯುವುದಿಲ್ಲ. ದೋಷವನ್ನು ಕಾಣುವವನು ಪರೀಕ್ಷಕನಾಗಬಲ್ಲನು. ಅದನ್ನು ಹತ್ತು ಜನರೊಡಗೂಡಿ ನಿವಾರಿಸುವವನು ನಾಯಕನಾಗುವನು. ನಮ್ಮ ಪದವಿ ಶಿಕ್ಷಣವು ಮೊದಲನೆಯದನ್ನು ಅರ್ಧಂಬರ್ಧ ಕಲಿಸಿ ಎರಡನೆಯದನ್ನು ಕೈಬಿಟ್ಟಿದೆ.

ಅನಂತರವೂ ಪಠ್ಯಗಳು ಬದಲಾಗಿವೆ. ಹೊಸ ರಾಷ್ಟ್ರೀಯ ಶಿಕ್ಷಣ ನೀತಿಯನ್ನು 2021ರಲ್ಲಿ ಎಲ್ಲರಿಗಿಂತ ಮೊದಲು ಜಾರಿಗೆ ತಂದ ನಮ್ಮ ರಾಜ್ಯವು 2024ರಲ್ಲಿ ಮತ್ತೆ ಮೂರು ವರ್ಷದ ಪದವಿಗೆ ಮರಳಿತು. ಪತ್ರಿಕೆಗಳ ಹೆಸರು, ಅಂಕಗಳ ಲೆಕ್ಕ, ಸೆಮಿಸ್ಟರುಗಳ ಹಂಚಿಕೆ ಅತ್ತಿಂದಿತ್ತ ಓಡಾಡಿದವು. ಕಾಲೇಜಿನಿಂದ ಕಾರ್ಖಾನೆಗೆ ಇರುವ ದೂರ ಮಾತ್ರ ಇದ್ದಲ್ಲಿಯೇ ಇದೆ.

ನಮ್ಮ ಪಾಲಿನ ತಪ್ಪು

ದೋಷವೆಲ್ಲ ಅತ್ತಲಿನದೇ ಎಂದು ಹೇಳಲು ನನ್ನ ಮನಸ್ಸು ಒಪ್ಪುವುದಿಲ್ಲ. ಲೋಹದ ಬಿಡಿಭಾಗಗಳನ್ನು ತಯಾರಿಸಿ ಸತುವಿನ ಲೇಪನ ಮಾಡಿಕೊಡುವ ಸಣ್ಣ ಘಟಕವೊಂದನ್ನು ನಡೆಸುತ್ತಿರುವ ನಾನು, ಕೆಲವು ವರ್ಷಗಳ ಹಿಂದೆ ಪರಿಚಿತರ ಮಗನೊಬ್ಬನಿಗೆ ಇಂಟರ್ನ್‌ಶಿಪ್ ಪ್ರಮಾಣಪತ್ರವೊಂದನ್ನು ಬರೆದುಕೊಟ್ಟೆ. ಪತ್ರದಲ್ಲಿ ನಾಲ್ಕು ವಾರಗಳೆಂದು ಇತ್ತು. ಹುಡುಗ ಬಂದದ್ದು ಮೂರು ದಿನ. ಆ ಮೂರು ದಿನವೂ ಅವನು ಕಚೇರಿಯ ಕುರ್ಚಿಯಲ್ಲಿ ಕುಳಿತು ಚಹಾ ಕುಡಿದು ಹೋದನು. ಅವನಿಗೆ ಕೆಲಸ ಕೊಡಬೇಕೆಂದು ನನಗೆ ತೋರಲಿಲ್ಲ. ಕೇಳಬೇಕೆಂದು ಅವನಿಗೂ ತೋರಲಿಲ್ಲ. ಅವನ ಕಾಲೇಜಿನಿಂದ ವಿಚಾರಿಸಿ ಒಂದು ದೂರವಾಣಿ ಕರೆಯೂ ಬರಲಿಲ್ಲ. ಮೂರು ಕಡೆಯವರೂ ಸಂತೋಷಗೊಂಡ ವ್ಯವಹಾರವದು.

ಎರಡು ವರ್ಷಗಳ ತರುವಾಯ ನಮ್ಮಿಂದ ಮಾಲು ಕೊಳ್ಳುವ ದೊಡ್ಡ ಕಂಪನಿಯೊಂದು ಉದ್ದನೆಯ ಪ್ರಶ್ನಾವಳಿಯನ್ನು ಕಳುಹಿಸಿತು. ಒಂದು ಕಿಲೋ ಮಾಲಿಗೆ ಎಷ್ಟು ಯೂನಿಟ್ ವಿದ್ಯುತ್, ಎಷ್ಟು ಲೀಟರ್ ನೀರು, ನೀರಿನ ಮೂಲ ಯಾವುದು, ಲೇಪನದ ತೊಟ್ಟಿಯ ರಾಡಿ ಎಲ್ಲಿಗೆ ಹೋಗುತ್ತದೆ, ಗುತ್ತಿಗೆ ಕೆಲಸಗಾರರಿಗೆ ಭವಿಷ್ಯ ನಿಧಿ ಕಟ್ಟಲಾಗುತ್ತಿದೆಯೇ, ಇತ್ಯಾದಿ. ವಿದ್ಯುತ್ ಬಿಲ್ಲು ನನ್ನಲ್ಲಿತ್ತು, ಮಾಲಿನ ಇನ್‌ವಾಯ್ಸುಗಳೂ ಇದ್ದವು. ಇವೆರಡನ್ನೂ ಒಂದರ ಪಕ್ಕದಲ್ಲಿ ಇನ್ನೊಂದನ್ನು ಇಟ್ಟು ನೋಡಿದವರು ನಮ್ಮಲ್ಲಿ ಯಾರೂ ಇರಲಿಲ್ಲ. ಕೊನೆಗೆ ಸಲಹೆಗಾರರೊಬ್ಬರಿಗೆ ಶುಲ್ಕ ತೆತ್ತು ಆ ನಮೂನೆಯನ್ನು ತುಂಬಿಸಿದೆ. ಅವರು ಮಾಡಿದ ಕೆಲಸವನ್ನು ನಾಲ್ಕು ವಾರಗಳ ಕಾಲ ಪ್ರಾಮಾಣಿಕವಾಗಿ ದುಡಿದ ಪದವಿ ವಿದ್ಯಾರ್ಥಿಯೊಬ್ಬ ಮಾಡಬಹುದಾಗಿತ್ತು. ಅಂಥ ವಿದ್ಯಾರ್ಥಿ ನನ್ನ ಬಾಗಿಲಿಗೆ ಬಂದಿದ್ದನು. ನಾನು ಅವನಿಗೆ ಸಹಿಯನ್ನು ಕೊಟ್ಟು ಕಳುಹಿಸಿದ್ದೆ.

ನಮ್ಮಲ್ಲಿ ಎಷ್ಟು ಮಂದಿ ಇಂಥ ಸಹಿಗಳನ್ನು ಹಾಕಿದ್ದೇವೆ ಎಂಬುದನ್ನು ಅವರವರೇ ಎಣಿಸಿಕೊಳ್ಳಬಹುದು.

ಇದು ದಾನಧರ್ಮದ ಮಾತಲ್ಲ

ಪರಿಸರ, ಸಮಾಜ ಇತ್ಯಾದಿ ಮಾತು ಬಂದೊಡನೆ ಅದು ದೊಡ್ಡ ಕಂಪನಿಗಳ ಬಾಬತ್ತೆಂದು ಪುಟ ತಿರುವುವ ಅಭ್ಯಾಸ ನಮ್ಮಲ್ಲಿದೆ. ಕಾನೂನಿನ ಅಕ್ಷರದಲ್ಲಿ ಅದು ನಿಜವೂ ಹೌದು. 2013ರ ಕಂಪನಿ ಕಾಯಿದೆಯ 135ನೆಯ ವಿಧಿಯು, 500 ಕೋಟಿ ರೂಪಾಯಿಗಳ ನಿವ್ವಳ ಮೌಲ್ಯ, ಅಥವಾ 1,000 ಕೋಟಿಯ ವಹಿವಾಟು, ಅಥವಾ 5 ಕೋಟಿಯ ನಿವ್ವಳ ಲಾಭ ಇರುವ ಕಂಪನಿಗಳು ಸರಾಸರಿ ಲಾಭದ ಶೇ. 2ರಷ್ಟನ್ನು ಸಾಮಾಜಿಕ ಕಾರ್ಯಗಳಿಗೆ ವ್ಯಯಿಸಬೇಕೆಂದು ವಿಧಿಸುತ್ತದೆ. ಸಣ್ಣ ಘಟಕಗಳ ಪೈಕಿ ಬಹುತೇಕ ಇದರ ವ್ಯಾಪ್ತಿಗೆ ಬರುವುದಿಲ್ಲ. ಷೇರುಪೇಟೆಯ ನಿಯಂತ್ರಣ ಮಂಡಳಿಯಾದ ಸೆಬಿಯು 2022–23ರಿಂದ ಕಡ್ಡಾಯಗೊಳಿಸಿದ ಸುಸ್ಥಿರತಾ ವರದಿಯೂ ನೋಂದಾಯಿತ ಕಂಪನಿಗಳಲ್ಲಿ ಅಗ್ರ 1,000ಕ್ಕೆ ಮಾತ್ರ.

ಆದರೆ ವ್ಯಾಪಾರದಲ್ಲಿ ಒಂದು ನಿಯಮವಿದೆ: ಮೇಲಿನವನಿಗೆ ಬಿದ್ದ ಹೊರೆ ಕೆಳಗಿನವನ ಹೆಗಲಿಗೆ ಇಳಿಯದೆ ಇರುವುದಿಲ್ಲ. ಯುರೋಪಿನ ಒಕ್ಕೂಟವು ತನ್ನ ಗಡಿ ಇಂಗಾಲ ಶುಲ್ಕದ ವ್ಯವಸ್ಥೆಯ ಪೂರ್ವಭಾವಿ ಹಂತವನ್ನು 2023ರ ಅಕ್ಟೋಬರ್ 1ರಂದು ಆರಂಭಿಸಿ, ಪೂರ್ಣ ಹಂತಕ್ಕೆ 2026ರ ಜನವರಿ 1ನ್ನು ಗೊತ್ತುಪಡಿಸಿತು. ಕಬ್ಬಿಣ, ಉಕ್ಕು, ಅಲ್ಯೂಮಿನಿಯಂ, ಸಿಮೆಂಟು, ರಸಗೊಬ್ಬರಗಳ ಜೊತೆಗೆ ಆ ಪಟ್ಟಿಯಲ್ಲಿ ಉಕ್ಕಿನ ಸ್ಕ್ರೂ, ಬೋಲ್ಟು, ನಟ್ಟುಗಳೂ ಸೇರಿವೆ. ಬೋಲ್ಟು ತಯಾರಿಸುವವರು ನಮ್ಮ ಕೈಗಾರಿಕಾ ವಸಾಹತುಗಳಲ್ಲಿ ಇದ್ದಾರೆ. ತಾನು ಮಾಡುವ ಬೋಲ್ಟಿನ ಹಿಂದೆ ಎಷ್ಟು ಇಂಗಾಲವಿದೆಯೆಂದು ಹೇಳಲಾರದವನ ಮಾಲನ್ನು ರಫ್ತುದಾರನು ಬಹುಕಾಲ ಕೊಳ್ಳಲಾರನು.

ವರ್ತಕ ಬಂಧುಗಳ ಅನುಭವವೂ ಇದಕ್ಕಿಂತ ಭಿನ್ನವಲ್ಲ. ಪ್ಲಾಸ್ಟಿಕ್ ಕೈಚೀಲಗಳನ್ನು ನಮ್ಮ ರಾಜ್ಯವು 2016ರ ಮಾರ್ಚ್‌ನಲ್ಲಿ ನಿಷೇಧಿಸಿತು. ಆಯ್ದ ಏಕಬಳಕೆಯ ಪ್ಲಾಸ್ಟಿಕ್ ವಸ್ತುಗಳ ಮೇಲೆ ಕೇಂದ್ರವು 2022ರ ಜುಲೈ 1ರಿಂದ ನಿಷೇಧ ಹೇರಿತು. ಎರಡು ಸಂದರ್ಭಗಳಲ್ಲಿಯೂ ದಂಡದ ರಸೀದಿ ಅಂಗಡಿಗೆ ಮೊದಲು ಬಂದಿತು. ಬದಲಿ ವಸ್ತು ಯಾವುದು, ಅದರ ಬೆಲೆ ಎಷ್ಟು, ಒದ್ದೆ ಸರಕಿಗೆ ಯಾವುದು ತಾಳಿಕೊಳ್ಳುತ್ತದೆ ಎಂಬ ಉತ್ತರಗಳು ತಡವಾಗಿ ಬಂದವು, ಕೆಲವು ಬರಲೇ ಇಲ್ಲ. ಸೊಪ್ಪಿನವನು, ಮೀನಿನವನು, ಹೂವಿನವಳು, ದಿನಸಿ ಅಂಗಡಿಯವನು, ಇವರಲ್ಲಿ ಒಬ್ಬೊಬ್ಬರಿಗೂ ಬೇಕಾದ ಚೀಲ ಬೇರೆ ಬೇರೆ. ಆ ದಿನಗಳಲ್ಲಿ ರಸಾಯನಶಾಸ್ತ್ರದ ಇಬ್ಬರು, ವಾಣಿಜ್ಯಶಾಸ್ತ್ರದ ಇಬ್ಬರು, ಸಮಾಜಕಾರ್ಯದ ಇಬ್ಬರು ವಿದ್ಯಾರ್ಥಿಗಳು ಒಂದು ಮಾರುಕಟ್ಟೆಯಲ್ಲಿ ಒಂದು ತಿಂಗಳು ನಿಂತು ಲೆಕ್ಕ ಹಾಕಿದ್ದರೆ, ಅಂಗಡಿಯವನಿಗೂ ಅಧಿಕಾರಿಗೂ ಕೈಗೆ ಹಿಡಿಯಲು ಒಂದು ಕಾಗದವಾದರೂ ಇರುತ್ತಿತ್ತು.

ಪುರ ಗ್ರಾಮದ ಪಾಠ

ಹೊರಗೆ ಹೋಗಿ ಕಲಿಯುವುದೆಂದರೆ ಏನು ಎಂಬುದಕ್ಕೆ ಉದಾಹರಣೆಯನ್ನು ವಿದೇಶದಿಂದ ತರಬೇಕಾಗಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಪ್ರೊ. ಅಮೂಲ್ಯ ರೆಡ್ಡಿಯವರು ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನ ಘಟಕವನ್ನು ಆರಂಭಿಸಿದರು. ಅವರು ವಿದ್ಯುತ್ ರಸಾಯನಶಾಸ್ತ್ರದಲ್ಲಿ ಹೆಸರಾದ ವಿದ್ವಾಂಸರು. ಹೊಗೆ ಕಡಿಮೆ ಮಾಡುವ ಸೌದೆ ಒಲೆಯ ಗೊಡವೆ ಅವರಿಗೆ ಬೇಕಿರಲಿಲ್ಲ. ಆದರೂ ತುಮಕೂರು ಜಿಲ್ಲೆಯ ಉಂಗ್ರದಲ್ಲಿ ವಿಸ್ತರಣಾ ಕೇಂದ್ರವನ್ನು ತೆರೆದು, ಸಹೋದ್ಯೋಗಿಗಳೊಡನೆ ಹಳ್ಳಿಗಳಲ್ಲಿ ಇಂಧನದ ಲೆಕ್ಕವನ್ನು ಮನೆಮನೆಯಲ್ಲಿ ತೆಗೆದರು. ‘ಅಸ್ತ್ರ ಒಲೆ’ ಎಂಬ ಹೆಸರನ್ನು ನಮ್ಮ ಹಳ್ಳಿಗಳಲ್ಲಿ ಹಿರಿಯರು ಇನ್ನೂ ನೆನೆಯುತ್ತಾರೆ.

ಅದೇ ಜಿಲ್ಲೆಯ ಪುರ ಎಂಬ ಗ್ರಾಮದಲ್ಲಿ ಅವರು ಕೈಗೊಂಡ ಸಮುದಾಯ ಗೋಬರ್ ಅನಿಲ ಯೋಜನೆಯು ಇನ್ನೂ ಹೆಚ್ಚಿನ ಪಾಠವನ್ನು ಹೇಳುತ್ತದೆ. ಊರಿನ ಸಗಣಿಯನ್ನೆಲ್ಲ ಒಂದೆಡೆ ಸೇರಿಸಿ ಮನೆಗಳಿಗೆ ಅಡುಗೆ ಅನಿಲ ಕೊಡಬೇಕೆಂಬುದು ಮೊದಲ ಉದ್ದೇಶ. ಆದರೆ ದೊರೆಯುವ ಸಗಣಿ ಎಲ್ಲರ ಅಡುಗೆಗೆ ಸಾಲದಾಯಿತು, ಪ್ರಯತ್ನ ಕೈಗೂಡಲಿಲ್ಲ. ಆಗ ಜನರ ಮಾತಿಗೆ ಕಿವಿಗೊಟ್ಟಾಗ ತಿಳಿದುಬಂದದ್ದೇನೆಂದರೆ, ಅವರಿಗೆ ಮೊದಲು ಬೇಕಾಗಿದ್ದದ್ದು ಕುಡಿಯುವ ನೀರು. ಯೋಜನೆಯ ದಿಕ್ಕನ್ನೇ ಬದಲಿಸಲಾಯಿತು. 1987ರಿಂದ ಅದೇ ಅನಿಲದಿಂದ ಎಂಜಿನ್ ಓಡಿಸಿ, ವಿದ್ಯುತ್ ಉತ್ಪಾದಿಸಿ, ಕೊಳವೆಬಾವಿಯ ನೀರನ್ನು ನಲ್ಲಿಗಳಿಗೆ ಹರಿಸಲಾಯಿತು, ಮನೆಗಳಿಗೆ ದೀಪವೂ ಬಂದಿತು. ಸಗಣಿ ಕೊಟ್ಟವರಿಗೆ ಗೊಬ್ಬರದ ಗಸಿ ಮರಳಿ ದೊರೆಯಿತು. ಸ್ಥಾವರವನ್ನು ನಡೆಸಿದವರು ಊರಿನ ಯುವಕರೇ.

ಈ ಪ್ರಸಂಗದಲ್ಲಿ ನಾಯಕತ್ವ ಎಲ್ಲಿದೆ? ಯಂತ್ರದ ವಿನ್ಯಾಸದಲ್ಲಿ ಸ್ವಲ್ಪ ಇದೆ. ತನ್ನ ಮೊದಲ ಲೆಕ್ಕ ತಪ್ಪಾಯಿತೆಂದು ಒಪ್ಪಿಕೊಂಡು, ಊರಿನವರನ್ನು ಕೇಳಿ, ಎರಡನೆಯ ಲೆಕ್ಕ ಬರೆದದ್ದರಲ್ಲಿ ಹೆಚ್ಚು ಇದೆ. ಇದನ್ನು ಕರಿಹಲಗೆಯ ಮೇಲೆ ಬರೆದು ಕಲಿಸಲಾಗದು. ತಪ್ಪಲು ಅವಕಾಶವಿರುವ ಸ್ಥಳವೊಂದು ಬೇಕು; ತಪ್ಪಿದರೆ ಯಾರಿಗಾದರೂ ನಷ್ಟವಾಗುತ್ತದೆ ಎಂಬ ಭಯವೂ ಅಲ್ಲಿ ಇರಬೇಕು.

ಗುಜರಾತಿನ ಆಣಂದದಲ್ಲಿ ಡಾ. ವರ್ಗೀಸ್ ಕುರಿಯನ್ ಅವರು 1979ರಲ್ಲಿ ಗ್ರಾಮೀಣ ನಿರ್ವಹಣಾ ಸಂಸ್ಥೆಯನ್ನು ಕಟ್ಟಿದಾಗ ಇದೇ ವಿಚಾರವನ್ನು ಪಠ್ಯದೊಳಕ್ಕೆ ತಂದರು. ಅಲ್ಲಿನ ವಿದ್ಯಾರ್ಥಿಯು ಹಳ್ಳಿಯಲ್ಲಿ ವಾಸವಿದ್ದು ಕ್ಷೇತ್ರಕಾರ್ಯ ಮುಗಿಸದೆ ಪದವಿ ಪಡೆಯುವಂತಿರಲಿಲ್ಲ. ಹಾಲು ಕರೆಯುವವರ ಸಹಕಾರ ಸಂಘಗಳಿಗೆ ನಿರ್ವಾಹಕರು ಬೇಕಾಗಿದ್ದರು. ಆ ಸಂಘಗಳ ಅಂಗಳದಲ್ಲಿಯೇ ಅವರನ್ನು ತಯಾರು ಮಾಡುವ ವ್ಯವಸ್ಥೆಯಾಯಿತು. 2025ರಲ್ಲಿ ಸಂಸತ್ತಿನ ಕಾಯಿದೆಯ ಮೂಲಕ ಆ ಸಂಸ್ಥೆಯು ತ್ರಿಭುವನ್ ಸಹಕಾರಿ ವಿಶ್ವವಿದ್ಯಾನಿಲಯವಾಗಿ ಮಾರ್ಪಟ್ಟಿತು. ಆಣಂದ ಮಾದರಿಯನ್ನೇ ಅನುಸರಿಸಿ ಬೆಳೆದ ನಮ್ಮ ‘ನಂದಿನಿ’ಯ ನಾಡಿನಲ್ಲಿ ಹಾಲನ್ನು ಸ್ವೀಕರಿಸಿದೆವು, ಆ ಶಿಕ್ಷಣ ಕ್ರಮವನ್ನು ಅಷ್ಟಾಗಿ ಸ್ವೀಕರಿಸಲಿಲ್ಲ.

ಇನ್ನು ರಾಷ್ಟ್ರೀಯ ಸೇವಾ ಯೋಜನೆ. ಗಾಂಧೀಜಿಯವರ ಜನ್ಮಶತಾಬ್ದಿಯ 1969ರಲ್ಲಿ 37 ವಿಶ್ವವಿದ್ಯಾನಿಲಯಗಳ 40,000 ವಿದ್ಯಾರ್ಥಿಗಳಿಂದ ಆರಂಭವಾದ ಈ ಯೋಜನೆಯಡಿ ಸ್ವಯಂಸೇವಕರು ಎರಡು ವರ್ಷಗಳಲ್ಲಿ 240 ಗಂಟೆಗಳ ಸೇವೆ ಸಲ್ಲಿಸಬೇಕು. ಗಿಡ ನೆಡುವುದು, ಚರಂಡಿ ಶುಚಿಗೊಳಿಸುವುದು, ರಕ್ತದಾನ ಇವೆಲ್ಲ ಪುಣ್ಯದ ಕೆಲಸಗಳೇ. ಆದರೆ ಕಾರ್ಖಾನೆಯೊಳಗೆ ಕಾಲಿಟ್ಟ ಶಿಬಿರವನ್ನು ನಾನು ಕಂಡಿಲ್ಲ. ಸಮಾಜವೆಂದರೆ ಹಳ್ಳಿ ಮತ್ತು ಕೊಳೆಗೇರಿ ಮಾತ್ರವೆಂದು ತಿಳಿದಂತಿದೆ. ಕೈಗವಸಿಲ್ಲದೆ ಆಮ್ಲದ ತೊಟ್ಟಿಯ ಬಳಿ ನಿಂತವನು, ಮಂಡಿಯಲ್ಲಿ ದಿನವಿಡೀ ಮೂಟೆ ಹೊರುವ ಹಮಾಲಿ, ಹೊಲಿಗೆ ಯಂತ್ರದ ಮುಂದೆ ಕೂಸನ್ನು ಮನೆಯಲ್ಲಿ ಬಿಟ್ಟು ಬಂದು ಕುಳಿತ ತಾಯಿ, ಇವರೂ ಸಮಾಜವೇ.

ವಿದ್ಯಾರ್ಥಿ ನಮ್ಮಲ್ಲಿ ಮಾಡಬಹುದಾದ ಕೆಲಸ

ಈಗ ಕೆಲಸದ ಮಾತಿಗೆ ಬರೋಣ. ಸಣ್ಣ ಘಟಕದಲ್ಲಿ ವಿದ್ಯಾರ್ಥಿಗೆ ಕೊಡಲು ಏನಿದೆ ಎಂದು ಕೇಳುವವರಿಗೆ ನನ್ನ ಕಸುಬಿನಿಂದಲೇ ಕೆಲವು ನಿದರ್ಶನಗಳನ್ನು ಕೊಡುತ್ತೇನೆ.

ಮೊದಲನೆಯದು ಕಂಪ್ರೆಸರಿನ ಗಾಳಿ. ಪಾಳಿ ಮುಗಿದು ಎಲ್ಲ ಉಪಕರಣಗಳೂ ನಿಂತ ಮೇಲೆ ಕಂಪ್ರೆಸರನ್ನು ಚಾಲೂ ಇರಿಸಿ ಗಡಿಯಾರ ಹಿಡಿದು ಕುಳಿತರೆ, ಅದು ಎಷ್ಟು ಹೊತ್ತು ಹೊರೆ ಹೊತ್ತು ದುಡಿಯುತ್ತದೆ, ಎಷ್ಟು ಹೊತ್ತು ಹೊರೆಯಿಲ್ಲದೆ ಇರುತ್ತದೆ ಎಂಬುದು ಗೊತ್ತಾಗುತ್ತದೆ. ಎರಡು ನಿಮಿಷ ದುಡಿದು ಆರು ನಿಮಿಷ ಸುಮ್ಮನಿದ್ದರೆ, ಎಂಟರಲ್ಲಿ ಎರಡು, ಅಂದರೆ ಕಂಪ್ರೆಸರಿನ ಸಾಮರ್ಥ್ಯದ ಶೇ. 25ರಷ್ಟು ಸೋರಿಕೆಗೇ ಹೋಗುತ್ತಿದೆ ಎಂದರ್ಥ. ಇದಕ್ಕೆ ಬೇಕಾದದ್ದು ಒಂದು ಗಡಿಯಾರ, ಒಂದು ನೋಟ್‌ಪುಸ್ತಕ, ಸೋರುವ ಜಾಗವನ್ನು ಹುಡುಕಲು ಸಾಬೂನಿನ ನೀರು. ಬಿ.ಕಾಂ. ವಿದ್ಯಾರ್ಥಿಯೂ ಮಾಡಬಲ್ಲನು.

ಎರಡನೆಯದು ಲೇಪನದ ನೀರು. ತೊಟ್ಟಿಯಿಂದ ಮೇಲೆತ್ತಿದ ಮಾಲನ್ನು ಕೆಲವು ಸೆಕೆಂಡುಗಳಷ್ಟು ಹೆಚ್ಚು ಹೊತ್ತು ಅಲ್ಲಿಯೇ ತೂಗಿಬಿಟ್ಟರೆ, ಅದರೊಡನೆ ಹೋಗುವ ರಾಸಾಯನಿಕ ದ್ರಾವಣ ತೊಟ್ಟಿಗೇ ಮರಳುತ್ತದೆ. ತೊಳೆಯುವ ತೊಟ್ಟಿಗಳನ್ನು ಸಾಲಾಗಿ ಜೋಡಿಸಿ, ಹೊಸ ನೀರನ್ನು ಕೊನೆಯ ತೊಟ್ಟಿಗೆ ಬಿಟ್ಟು ಅಲ್ಲಿಂದ ಹಿಂದಕ್ಕೆ ಹರಿಸಿದರೆ, ಅದೇ ನೀರು ಎರಡು ಮೂರು ಬಾರಿ ಕೆಲಸಕ್ಕೆ ಬರುತ್ತದೆ. ನೀರೂ ಉಳಿಯಿತು, ರಾಸಾಯನಿಕವೂ ಉಳಿಯಿತು, ಶುದ್ಧೀಕರಣಕ್ಕೆ ಹೋಗುವ ತ್ಯಾಜ್ಯವೂ ಕಡಿಮೆಯಾಯಿತು. ಇದು ಪುಸ್ತಕದಲ್ಲಿ ಇದೆ, ನಮಗೂ ತಿಳಿದದ್ದೇ. ಆದರೆ ತುಂಡಿಗೆ ಇಷ್ಟೆಂದು ಕೂಲಿ ಪಡೆಯುವ ಕೆಲಸಗಾರನು ಆ ಕೆಲವು ಸೆಕೆಂಡು ಕಾಯುವನೇ? ಕಾಯಲು ಹೇಳುವುದು ಹೇಗೆ? ಅವನ ಕೂಲಿಯ ಲೆಕ್ಕವನ್ನು ಬದಲಿಸಬೇಕೇ? ಇಲ್ಲಿಗೆ ಬಂದಾಗ ತಂತ್ರಜ್ಞಾನದ ಪ್ರಶ್ನೆ ಮುಗಿದು ಸಾಮಾಜಿಕ ಪರಿವರ್ತನೆಯ ಪ್ರಶ್ನೆ ಆರಂಭವಾಗುತ್ತದೆ. ವಿದ್ಯಾರ್ಥಿಯು ಆ ಕೆಲಸಗಾರನ ಪಕ್ಕದಲ್ಲಿ ಒಂದು ವಾರ ನಿಂತು, ಅವನ ವಿಶ್ವಾಸ ಗಳಿಸಿ, ಮಾಲೀಕನ ಮುಂದೆ ಇಬ್ಬರಿಗೂ ಒಪ್ಪುವ ಲೆಕ್ಕವನ್ನು ಇಟ್ಟನೆಂದರೆ ಅವನು ನಾಯಕತ್ವದ ಪರೀಕ್ಷೆಯಲ್ಲಿ ತೇರ್ಗಡೆಯಾದಂತೆ.

ಮೂರನೆಯದು ಪ್ರಶ್ನಾವಳಿಯೇ. ವಿದ್ಯುತ್ತು, ನೀರು, ಡೀಸೆಲ್, ತ್ಯಾಜ್ಯ, ಕೆಲಸಗಾರರ ಹಾಜರಿ ಮತ್ತು ಕೂಲಿ, ಇವುಗಳ ತಿಂಗಳವಾರು ಪಟ್ಟಿಯನ್ನು ಒಂದು ಕಡೆ ಬರೆದಿಡುವ ಕ್ರಮವನ್ನು ವಿದ್ಯಾರ್ಥಿಯೊಬ್ಬ ಹಾಕಿಕೊಟ್ಟರೆ, ಮುಂದಿನ ವರ್ಷಗಳಲ್ಲಿ ನಮ್ಮ ಗುಮಾಸ್ತರೇ ಅದನ್ನು ಮುಂದುವರಿಸಬಲ್ಲರು. ವರ್ತಕರ ಅಂಗಡಿಗೆ ಇದೇ ಬಗೆಯಲ್ಲಿ ಪೊಟ್ಟಣದ ಸಾಮಗ್ರಿ, ಹಾಳಾಗುವ ಸರಕು, ಸಾಗಾಟದ ಬಾಡಿಗೆ ಇವುಗಳ ಲೆಕ್ಕವಿದೆ.

ಆಕ್ಷೇಪಣೆಗಳು

ಸದಸ್ಯರು ಹೇಳಬಹುದಾದ ಆಕ್ಷೇಪಣೆಗಳು ನನಗೆ ಗೊತ್ತಿವೆ; ಅವು ನನ್ನವೂ ಆಗಿದ್ದವು. ಹೊರಗಿನ ಹುಡುಗರು ಒಳಗೆ ಬಂದರೆ ನಮ್ಮ ಗುಟ್ಟು ಬಯಲಾಗುವುದೆಂಬುದು ಒಂದು. ಬೆಲೆ, ಗಿರಾಕಿಗಳ ಹೆಸರು, ಮಿಶ್ರಣದ ಸೂತ್ರ, ಇವು ಗುಟ್ಟುಗಳು ನಿಜ. ಅವನ್ನು ಹೊರಗಿಟ್ಟು ಒಂದು ಪುಟದ ಒಡಂಬಡಿಕೆ ಬರೆದುಕೊಂಡರೆ ಸಾಕು. ಕಂಪ್ರೆಸರಿನ ಸೋರಿಕೆಯಲ್ಲಿ ಗುಟ್ಟೇನೂ ಇಲ್ಲ.

ವಿದ್ಯಾರ್ಥಿ ಬರೆದ ವರದಿ ಮಾಲಿನ್ಯ ನಿಯಂತ್ರಣ ಮಂಡಳಿಯ ಕೈಗೆ ಸಿಕ್ಕಿದರೆ ಏನು ಗತಿ ಎಂಬುದು ಇನ್ನೊಂದು. ಈ ಭಯ ಸುಳ್ಳಲ್ಲ, ಇದನ್ನು ತಳ್ಳಿಹಾಕಲು ನಾನು ಸಿದ್ಧನಿಲ್ಲ. ಕಾನೂನನ್ನು ಮೀರಿ ವಿಷದ ನೀರನ್ನು ರಾತ್ರಿ ಚರಂಡಿಗೆ ಬಿಡುವವನು ವಿದ್ಯಾರ್ಥಿಯನ್ನು ಕರೆಯಲಾರನು. ಅವನಿಗೆ ರಕ್ಷಣೆ ಕೊಡುವುದು ನಮ್ಮ ಸಂಸ್ಥೆಯ ಕೆಲಸವೂ ಅಲ್ಲ. ಆದರೆ ಕಾನೂನಿನೊಳಗಿದ್ದು ಇನ್ನಷ್ಟು ಉತ್ತಮಗೊಳ್ಳಲು ಬಯಸುವವನು ತನ್ನ ಲೋಪವನ್ನು ತಾನೇ ತೋರಿಸಿದಾಗ ಅವನಿಗೆ ದಂಡದ ಬದಲು ಕಾಲಾವಕಾಶ ದೊರೆಯುವಂತೆ ಮಂಡಳಿಯೊಡನೆ ಮಾತನಾಡುವುದು ವಾಣಿಜ್ಯ ಸಂಸ್ಥೆಯ ಕರ್ತವ್ಯ.

ಮೂರನೆಯ ಆಕ್ಷೇಪಣೆ ಸುರಕ್ಷತೆಯದು. ಯಂತ್ರದ ಬಳಿ ಹುಡುಗರಿಗೆ ಏನಾದರೂ ಆದರೆ ಹೊಣೆ ಯಾರದು? ಕಾಲೇಜೇ ವಿಮೆ ಮಾಡಿಸಬೇಕು. ನಮ್ಮಲ್ಲಿ ಮೊದಲ ದಿನ ಸುರಕ್ಷತೆಯ ಪಾಠವಾಗಬೇಕು. ವಿದ್ಯಾರ್ಥಿಗೆ ಕೊಡುವ ಕೈಗವಸು, ಕನ್ನಡಕಗಳನ್ನು ನಮ್ಮ ಕೆಲಸಗಾರನಿಗೂ ಕೊಡದಿರಲು ಆ ಮೇಲೆ ನಮಗೆ ಮುಖವಿರುವುದಿಲ್ಲ. ಅದೂ ಒಂದು ಲಾಭವೇ.

ಉಚಿತ ದುಡಿಮೆಗಾಗಿ ನಾವು ಹವಣಿಸುತ್ತಿದ್ದೇವೆ ಎಂದು ವಿಶ್ವವಿದ್ಯಾನಿಲಯದ ಕಡೆಯಿಂದ ಆಕ್ಷೇಪಣೆ ಬರಬಹುದು. ಬರಲಿ. ಅದನ್ನು ನಿವಾರಿಸುವ ಬಗೆ ಸುಲಭ: ಬಸ್ಸಿನ ಖರ್ಚು, ಮಧ್ಯಾಹ್ನದ ಊಟ, ಕೈಲಾದ ಭತ್ಯೆ ಇವನ್ನು ನಾವು ಕೊಡಬೇಕು. ವಿದ್ಯಾರ್ಥಿಯನ್ನು ಉತ್ಪಾದನೆಯ ಸಾಲಿನಲ್ಲಿ ಕೆಲಸಗಾರನ ಬದಲಿಗೆ ನಿಲ್ಲಿಸಕೂಡದು.

ನಮ್ಮ ಸಂಸ್ಥೆ ಮಾಡಬೇಕಾದದ್ದು

ಒಂಟಿ ಘಟಕದಿಂದ ಇದು ಆಗುವ ಕೆಲಸವಲ್ಲ. ಆದುದರಿಂದ ಆಡಳಿತ ಮಂಡಳಿಯ ಪರಿಶೀಲನೆಗಾಗಿ ಈ ಕೆಳಗಿನ ಸಲಹೆಗಳನ್ನು ಮುಂದಿಡುತ್ತಿದ್ದೇನೆ.

1. ಪ್ರತಿ ಶೈಕ್ಷಣಿಕ ವರ್ಷದ ಆರಂಭದಲ್ಲಿ ಸದಸ್ಯರಿಂದ ನಿಜವಾದ ಸಮಸ್ಯೆಗಳ ಪಟ್ಟಿಯನ್ನು ಸಂಗ್ರಹಿಸಿ ಸಮೀಪದ ಕಾಲೇಜುಗಳಿಗೆ ಕಳುಹಿಸಬೇಕು. ಸಮಸ್ಯೆಯು ಒಂದು ವಾಕ್ಯದಲ್ಲಿರಲಿ: ‘ನನ್ನ ಘಟಕದಲ್ಲಿ ಗಾಳಿ ಎಲ್ಲಿ ಸೋರುತ್ತಿದೆ?’ ಎಂಬಷ್ಟು ಸರಳವಾಗಿ.

2. ಎಂಜಿನಿಯರಿಂಗ್, ವಾಣಿಜ್ಯ, ಸಮಾಜಕಾರ್ಯ ವಿಭಾಗಗಳಿಂದ ಬಂದ ಮೂವರು ಸೇರಿ ಒಂದು ತಂಡವಾಗಬೇಕು. ಯಂತ್ರ, ಹಣ, ಮನುಷ್ಯ ಈ ಮೂರನ್ನೂ ಒಬ್ಬನೇ ಅರಿಯುವುದು ಕಷ್ಟ.

3. ಮಾಲೀಕನೂ ಕೆಲಸಗಾರರ ಪ್ರತಿನಿಧಿಯೂ ವರದಿಯನ್ನು ಕೇಳಿ, ಪ್ರಶ್ನೆ ಹಾಕಿ, ಸಹಿ ಮಾಡಿದ ಮೇಲಷ್ಟೇ ಪ್ರಮಾಣಪತ್ರ. ಬಾರದ ವಿದ್ಯಾರ್ಥಿಗೆ ಪತ್ರ ಕೊಡುವುದಿಲ್ಲವೆಂದು ಸದಸ್ಯರೆಲ್ಲರೂ ಒಮ್ಮತದಿಂದ ತೀರ್ಮಾನಿಸಬೇಕು.

4. ವಿಶ್ವವಿದ್ಯಾನಿಲಯದ ಅಧ್ಯಯನ ಮಂಡಳಿಗಳಲ್ಲಿ ಉದ್ಯಮ ಪ್ರತಿನಿಧಿಯ ಸ್ಥಾನಗಳು ಇರುವೆಡೆ, ಸಭೆಗೆ ಹೋಗಿ ಕುಳಿತು ಪಠ್ಯವನ್ನು ಓದಬಲ್ಲ ಸದಸ್ಯರನ್ನು ಸೂಚಿಸಬೇಕು. ಹೆಸರಿಗಾಗಿ ಹೆಸರು ಬೇಡ.

5. ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯು ಎಂಜಿನಿಯರಿಂಗ್ ವಿದ್ಯಾರ್ಥಿಗಳ ಯೋಜನೆಗಳಿಗೆ ದಶಕಗಳಿಂದ ಧನಸಹಾಯ ನೀಡುತ್ತ ಬಂದಿದೆ. ಆ ಯೋಜನೆಗಳ ವಿಷಯಗಳು ನಮ್ಮ ಘಟಕಗಳಿಂದ ಹೋಗುವಂತೆ ಮಾಡಬೇಕು.

6. ಫಲಿತಾಂಶಗಳನ್ನು ಈ ಪತ್ರಿಕೆಯಲ್ಲಿಯೇ ಪ್ರಕಟಿಸಬೇಕು. ಕೈಗೂಡದ ಪ್ರಯತ್ನಗಳನ್ನೂ ಸಹ. ಪುರ ಗ್ರಾಮದ ಮೊದಲ ಲೆಕ್ಕ ತಪ್ಪಿದ ಸಂಗತಿಯನ್ನು ಅವರು ಬಚ್ಚಿಟ್ಟಿದ್ದರೆ ನಮಗಿಂದು ಆ ಪಾಠವೇ ದೊರೆಯುತ್ತಿರಲಿಲ್ಲ.

ಇದಕ್ಕೆ ದೊಡ್ಡ ನಿಧಿಯೂ ಬೇಡ, ಹೊಸ ಕಟ್ಟಡವೂ ಬೇಡ, ಸರಕಾರದ ಆದೇಶಕ್ಕಾಗಿ ಕಾಯಬೇಕಾಗಿಯೂ ಇಲ್ಲ. ಮೊದಲ ವರ್ಷ ಹತ್ತು ಘಟಕಗಳು, ಐದು ಅಂಗಡಿಗಳು, ಎರಡು ಕಾಲೇಜುಗಳು ಮುಂದೆ ಬಂದರೆ ಸಾಕು.

ನಮ್ಮ ಮಕ್ಕಳಲ್ಲಿ ಅನೇಕರು ಇಂದು ಕಾರ್ಖಾನೆಯನ್ನು ಮುಂದುವರಿಸಲು ಮನಸ್ಸು ಮಾಡುತ್ತಿಲ್ಲ. ಕಂಪ್ಯೂಟರ್ ಕಂಪನಿಯ ಸಂಬಳವೊಂದೇ ಅದಕ್ಕೆ ಕಾರಣವಲ್ಲ. ತಂದೆಯ ಉದ್ಯಮವೆಂದರೆ ಹೊಗೆ, ಕೊಳೆ, ಇನ್‌ಸ್ಪೆಕ್ಟರರ ಕಾಟ ಎಂದಷ್ಟೇ ಅವರು ತಿಳಿದಿದ್ದಾರೆ. ಮಲಿನ ಸ್ಥಳದ ಪಟ್ಟಿಯಲ್ಲಿ ನಮ್ಮನ್ನು ಸೇರಿಸಿದ ಪಠ್ಯವನ್ನು ಅವರೂ ಓದಿ ಬಂದವರೇ. ಆ ಪಟ್ಟಿಯಿಂದ ನಮ್ಮ ಹೆಸರನ್ನು ತೆಗೆಸುವಂತೆ ಮನವಿ ಸಲ್ಲಿಸಿ ಪ್ರಯೋಜನವಿಲ್ಲ. ಕಲಿಯುವ ಸ್ಥಳಗಳ ಪಟ್ಟಿಗೆ ನಮ್ಮ ಹೆಸರು ಸೇರುವಂತೆ ನಾವೇ ನಡೆದುಕೊಳ್ಳಬೇಕಾಗಿದೆ.

ಇನ್ನು ಮುಂದೆ ನನ್ನ ಬಾಗಿಲಿಗೆ ಬರುವ ವಿದ್ಯಾರ್ಥಿಗೆ ಕಚೇರಿಯಲ್ಲಿ ಕುರ್ಚಿ ಹಾಕುವುದಿಲ್ಲವೆಂದು ನಾನು ತೀರ್ಮಾನಿಸಿದ್ದೇನೆ. ಅವನ ಕೈಗೊಂದು ಗಡಿಯಾರವನ್ನೂ ನೋಟ್‌ಪುಸ್ತಕವನ್ನೂ ಕೊಟ್ಟು ಕಂಪ್ರೆಸರಿನ ಬಳಿಗೆ ಕರೆದೊಯ್ಯುತ್ತೇನೆ. ಸದಸ್ಯ ಬಂಧುಗಳಲ್ಲಿ ಇನ್ನೂ ಕೆಲವರು ಹಾಗೆಯೇ ಮಾಡುವುದಾದರೆ, ತಮ್ಮ ಘಟಕದ ಒಂದು ಸಮಸ್ಯೆಯನ್ನು ಒಂದು ವಾಕ್ಯದಲ್ಲಿ ಬರೆದು ಸಂಸ್ಥೆಯ ಕಚೇರಿಗೆ ತಲುಪಿಸಬೇಕೆಂದು ಕೋರುತ್ತೇನೆ.